ಜೊತೆಗೆ ಯಾರಿದ್ದಾರೆ?

ಕೋಲ್ಕತಾಕ್ಕೆ ಬಂದ ಹೊಸದರಲ್ಲಿ ಕಿವಿಗೆ ಬಿದ್ದು ಮನಸ್ಸಿನಲ್ಲಿ ಉಳಿದ ಬಂಗಾಳಿ ಮಾತುಗಳಲ್ಲಿ ‘ಶೊಂಗೆ ಕೆ ಆಛೆ?’ ಎನ್ನುವುದೂ ಒಂದು. ಜೊತೆಗೆ ಯಾರಿದ್ದಾರೆ ಅಂತ ಅರ್ಥ. ‘ಶೊಂಗೆ’ಯಲ್ಲಿರುವುದು ನಮ್ಮ ‘ಸಂಗ’ವೇ, ಇಲ್ಲಿನವರ ಬಾಯಲ್ಲಿ ಸ್ವಲ್ಪ ದುಂಡಗಾಗಿದೆ, ಅಷ್ಟೆ. ಆಸ್ಪತ್ರೆಯಲ್ಲಿ ಹೆಂಗಸು ಒಬ್ಬಳೇ ಹೋಗಿ ನಿಂತರೆ ಈ ಪ್ರಶ್ನೆ ಬಂದೇ ಬರುತ್ತದೆ. ಸಾಗರದಿಂದ ಬಂದ ನನಗೆ ಅದು ಹಿತವಾಗಿಯೇ ಕೇಳಿಸುತ್ತಿತ್ತು. ನಮ್ಮ ಕಡೆಯೂ ‘ಒಬ್ಬಳೇ ಬಂದ್ಯೇನೇ?’ ಅಂತ ಕೇಳುವುದಿಲ್ಲವೇ? ಈ ಪ್ರಶ್ನೆಗೆ ಎರಡು ಮುಖವಿದೆ ಎಂದು ತಿಳಿಯಲು ಮಾತ್ರ ನನಗೆ ಹದಿನೇಳು ವರ್ಷ ಬೇಕಾಯಿತು.

ನಾವಿರುವುದು ಲೇಕ್ ಮಾರ್ಕೆಟ್ಟಿನ ಹತ್ತಿರ. ಬಾಳೆಲೆ, ಕರಿಬೇವು, ಕಾಫಿಪುಡಿ ಎಲ್ಲ ಸಿಗುವ, ದಕ್ಷಿಣದವರು ಹಿಂದಿನಿಂದಲೂ ಸೇರಿಕೊಂಡ ಜಾಗ. ನಮ್ಮ ಮನೆಗೆಲಸಕ್ಕೆ ಬರುವ ಹುಡುಗಿ ಕ್ಯಾನಿಂಗ್ ಕಡೆಯವಳು. ಬೆಳಗಿನ ಜಾವದ ಲೋಕಲ್ ಹಿಡಿದು ಬಾಲಿಗಂಜಿನಲ್ಲಿ ಇಳಿದು ನಾಲ್ಕು ಮನೆ ಮಾಡಿ ಮತ್ತೆ ರೈಲು ಹತ್ತುತ್ತಾಳೆ. ಹದಿನಾರಕ್ಕೇ ಮದುವೆ. ಅದೇನೂ ಅಪರೂಪವಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪಶ್ಚಿಮ ಬಂಗಾಳದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇಕಡಾ 41.6ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಇಬ್ಬರು ಹೆಣ್ಣುಮಕ್ಕಳು. ಗಂಡ ಎಲ್ಲಿದ್ದಾನೆ ಗೊತ್ತೇ? ನಿಮ್ಮ ಬೆಂಗಳೂರಿನಲ್ಲಿ, ಕಟ್ಟಡದ ಕೆಲಸಕ್ಕೆ. ‘ನಾನು ನಿನ್ನ ಗಂಡನ ನಾಡಿಗೆ ಬಂದೆ, ಅವನು ನನ್ನ ನಾಡಿಗೆ ಹೋದ’ ಅಂತ ನಾವಿಬ್ಬರೂ ಎಷ್ಟೋ ಸಲ ನಕ್ಕಿದ್ದೇವೆ.

2022ರ ದುರ್ಗಾಪೂಜೆಗೆ ಅವನು ಊರಿಗೆ ಬಂದು ಹೋದ. ಡಿಸೆಂಬರ್ ಮೊದಲ ವಾರದಲ್ಲಿ ಅವಳು ಪಾತ್ರೆ ತೊಳೆಯುತ್ತಾ, ಮುಖ ತಿರುಗಿಸದೆ, ‘ಬೌದಿ, ನನಗೆ ಇದು ಬೇಡ’ ಅಂದಳು. ಬೌದಿ ಅಂದರೆ ಅತ್ತಿಗೆ. ಯಾವುದು ಬೇಡ ಎಂದು ಕೇಳುವ ಅಗತ್ಯವಿರಲಿಲ್ಲ. ಎರಡು ವಾರದಿಂದ ಅವಳ ಮುಖ ನೋಡುತ್ತಿದ್ದೆನಲ್ಲ. ಮೂರನೆಯದಾದರೂ ಗಂಡಾಗಲಿ ಅಂತ ಅತ್ತೆ ಹರಕೆ ಹೊತ್ತಿದ್ದಾಳೆ. ಫೋನಿನಲ್ಲಿ ಗಂಡನಿಗೆ ಹೇಳಿದರೆ ಅದು ಅತ್ತೆಗೆ ಹೇಳಿದ ಹಾಗೆಯೇ. ‘ಎರಡಕ್ಕೇ ಅನ್ನ ಹೊಂದಿಸಲು ಆಗುತ್ತಿಲ್ಲ. ನನ್ನ ಮೈಯಲ್ಲೂ ಶಕ್ತಿಯಿಲ್ಲ’ ಅಂದಳು.

ಇಲ್ಲಿ ನನ್ನ ಮನಸ್ಸಿನ ಒಂದು ಕೊಳಕನ್ನು ಹೇಳಿಬಿಡಬೇಕು. ಅವಳ ಮಾತು ಕೇಳಿದಾಗ ನನ್ನೊಳಗೆ ಸಣ್ಣದೊಂದು ನೆಮ್ಮದಿ ಮೂಡಿತು. ಅವಳು ಹೆರಿಗೆಗೆ ಹೋದರೆ ನನಗೆ ಆರು ತಿಂಗಳು ಕೆಲಸದವಳಿಲ್ಲ. ಆ ಲೆಕ್ಕ ತಲೆಯಲ್ಲಿ ಓಡಿದ್ದು ನಿಜ. ಅದು ಗೊತ್ತಾದ ಮೇಲೆ ನಾನು ಕೊಡುವ ಯಾವ ಸಲಹೆಯನ್ನೂ ನಂಬುವ ಹಾಗಿರಲಿಲ್ಲ. ಹಾಗಾಗಿ ‘ಮಾಡು’ ಅಂತಲೂ ಹೇಳಲಿಲ್ಲ, ‘ಬೇಡ’ ಅಂತಲೂ ಹೇಳಲಿಲ್ಲ. ‘ಎರಡು ದಿನ ಯೋಚನೆ ಮಾಡು. ಆಮೇಲೂ ಹಾಗೇ ಅನ್ನಿಸಿದರೆ ಜೊತೆಗೆ ಬರುತ್ತೇನೆ’ ಅಂದೆ. ಅವಳು ಎರಡು ದಿನ ಬಿಟ್ಟು ಅದನ್ನೇ ಹೇಳಿದಳು.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಕೌಂಟರಿನಲ್ಲಿದ್ದಾತ ತಲೆಯೆತ್ತದೆ ಕೇಳಿದ: ‘ಶೊಂಗೆ ಕೆ ಆಛೆ?’ ನಾನು ಮುಂದೆ ಬಂದು ‘ನಾನಿದ್ದೇನೆ’ ಅಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವಲ್ಲ. ಗಂಡ ಎಲ್ಲಿ? ಗಂಡನ ಸಹಿ ಬೇಕು. ಇಲ್ಲದಿದ್ದರೆ ಅತ್ತೆಯನ್ನು ಕರೆದುಕೊಂಡು ಬನ್ನಿ’ ಅಂದ. ಆಗ ನನಗೆ ಹೊಳೆಯಿತು. ಜೊತೆಗೆ ಯಾರಿದ್ದಾರೆ ಅಂತ ಅವನು ಕೇಳಿದ್ದೇ ಅಲ್ಲ. ಯಾರ ಅಪ್ಪಣೆ ಇದೆ ಅಂತ ಕೇಳಿದ್ದ.

ಅವನು ಕೇಳಿದ್ದು ಕಾನೂನಿನಲ್ಲಿ ಇಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ವಯಸ್ಕ ಹೆಂಗಸಿಗೆ ಬೇಕಾದದ್ದು ಅವಳದೇ ಒಪ್ಪಿಗೆ. ಹದಿನೆಂಟು ತುಂಬದವರಿಗೆ, ಮಾನಸಿಕ ಅಸ್ವಸ್ಥರಿಗೆ ಮಾತ್ರ ಪೋಷಕರ ಸಹಿ. 2021ರ ತಿದ್ದುಪಡಿಯ ಮೇಲೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಹೆಂಗಸರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. ಅವಳಿಗಿನ್ನೂ ಹನ್ನೊಂದು ವಾರ ದಾಟಿರಲಿಲ್ಲ. ಅವಳ ಗಂಡ ಪೂಜೆಗೆ ಬರುವ ಎರಡು ದಿನ ಮೊದಲು, 2022ರ ಸೆಪ್ಟೆಂಬರ್ 29ರಂದು, ಸುಪ್ರೀಂ ಕೋರ್ಟು ಅವಿವಾಹಿತೆಯೊಬ್ಬಳ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿತ್ತು: ಮನೆಯವರ ಒಪ್ಪಿಗೆ ತನ್ನಿ ಎಂಬಂಥ ಕಾನೂನಿನಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹಾಕಬಾರದು ಅಂತ. ಆ ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ. ಇದನ್ನೆಲ್ಲ ನಾನು ಕೌಂಟರಿನಲ್ಲಿ ನನ್ನ ಹರುಕು ಬಂಗಾಳಿಯಲ್ಲಿ ಹೇಳಿದೆ. ‘ಅದೆಲ್ಲ ದಿಲ್ಲಿಯಲ್ಲಿ. ನಾಳೆ ಗಂಡ ಬಂದು ಗಲಾಟೆ ಮಾಡಿದರೆ ಯಾರು ನೋಡುತ್ತಾರೆ?’ ಅಂದ ಆತ. ಅವನಿಗೂ ಅವನ ಭಯ.

ಮರಳಿ ಬರುವಾಗ ಟ್ರಾಮ್ ಹಳಿಯ ಪಕ್ಕ ನಡೆಯುತ್ತಾ ನನಗೆ ಸಾಗರದ ಆಸ್ಪತ್ರೆ ನೆನಪಾಯಿತು. ಎರಡನೆಯ ಮಗುವಾದಾಗ ನನಗೆ ಅಲ್ಲೇ ಆಪರೇಷನ್ ಆಯಿತು. ನಮ್ಮವರು ಒಪ್ಪಿದ್ದರು, ಅತ್ತೆ ಒಪ್ಪಿದ್ದರು, ಅಮ್ಮ ಒಪ್ಪಿದ್ದಳು. ಕಾಗದ ಕೊನೆಗೆ ನನ್ನ ಹಾಸಿಗೆಗೆ ಬಂತು. ‘ಇಲ್ಲೊಂದು ಸಹಿ ಹಾಕಮ್ಮ’ ಅಂದರು, ಹಾಕಿದೆ. ನನಗೆ ಬೇಕಿತ್ತೋ ಬೇಡವೋ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆದರೆ ಅಂದು ರಾತ್ರಿಯೆಲ್ಲ ಅಮ್ಮ ಪಕ್ಕದಲ್ಲಿ ಕೂತಿದ್ದಳು. ಮೂರು ತಿಂಗಳು ಬಾಣಂತನ, ಬಿಸಿನೀರು, ಕಾಳುಮೆಣಸಿನ ಸಾರು. ಊರಿನಲ್ಲಿ ಅಪ್ಪಣೆಯೂ ಆರೈಕೆಯೂ ಒಂದೇ ಗಂಟಿನಲ್ಲಿ ಬರುತ್ತವೆ. ಒಂದನ್ನು ತಗೊಂಡರೆ ಇನ್ನೊಂದನ್ನೂ ಹೊರಬೇಕು. ಪರವೂರಿಗೆ ಬಂದ ಮೇಲೆಯೇ ಆ ಗಂಟು ಬಿಚ್ಚುವುದು, ಅವು ಎರಡು ಬೇರೆಬೇರೆ ವಸ್ತು ಅಂತ ಕಣ್ಣಿಗೆ ಕಾಣುವುದು.

ನಿರ್ಧಾರ ಹೆಂಗಸಿನದು ಎನ್ನುವುದಕ್ಕೆ ಎದುರಾಗುವ ಪ್ರಶ್ನೆಗಳು ಸಣ್ಣವಲ್ಲ. ಹೊಟ್ಟೆಯಲ್ಲಿರುವ ಜೀವದ್ದು? ಗಂಡನದ್ದು? ಮೊದಲನೆಯದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಎರಡು ಹೆತ್ತವಳು ನಾನು. ನಮ್ಮ ಕಾಯ್ದೆ ಬಂದ 1971ರಲ್ಲೇ ಅಮೆರಿಕದ ತತ್ವಶಾಸ್ತ್ರಜ್ಞೆ ಜೂಡಿತ್ ಜಾರ್ವಿಸ್ ಥಾಮ್ಸನ್ ಒಂದು ಪ್ರಬಂಧ ಬರೆದರು. ಭ್ರೂಣವನ್ನು ಪೂರ್ಣ ಮನುಷ್ಯನೆಂದೇ ಒಪ್ಪಿಕೊಳ್ಳೋಣ. ಆದರೂ ಇನ್ನೊಬ್ಬರ ದೇಹವನ್ನು ಅವರ ಒಪ್ಪಿಗೆಯಿಲ್ಲದೆ ಬಳಸುವ ಹಕ್ಕು ಯಾವ ಮನುಷ್ಯನಿಗಿದೆ ಎನ್ನುವುದು ಅವರ ವಾದ. ಒಂಬತ್ತು ತಿಂಗಳು ಮೈಯನ್ನು ಕೊಡುವುದು ದೊಡ್ಡ ದಾನ. ದಾನವನ್ನು ಬಲವಂತದಿಂದ ವಸೂಲಿ ಮಾಡಿದರೆ ಅದು ದಾನವಲ್ಲ. ಇಷ್ಟು ನಾನು ಒಪ್ಪುತ್ತೇನೆ. ಒಪ್ಪಿದರೂ ದುಃಖ ಉಳಿಯುತ್ತದೆ. ಹಕ್ಕು ಇದ್ದ ಕಡೆ ದುಃಖ ಇರಬಾರದು ಅಂತೇನೂ ಇಲ್ಲವಲ್ಲ.

ವಾರಗಳು ಹೆಚ್ಚಿದ ಹಾಗೆ ಈ ಪ್ರಶ್ನೆ ಇನ್ನೂ ಕಠಿಣ. ಇದೇ ಕೋಲ್ಕತಾದ ದಂಪತಿ 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಶಿಶುವಿನ ಹೃದಯದಲ್ಲಿ ಗಂಭೀರ ದೋಷವಿತ್ತು, ಆಗಿನ ಕಾನೂನಿನ 20 ವಾರದ ಮಿತಿ ದಾಟಿತ್ತು. ಎಸ್‌.ಎಸ್‌.ಕೆ.ಎಂ. ಆಸ್ಪತ್ರೆಯ ವೈದ್ಯರ ಮಂಡಳಿಯಿಂದ ವರದಿ ತರಿಸಿಕೊಂಡು ನ್ಯಾಯಾಲಯ ಜುಲೈ 3ರಂದು ಅನುಮತಿ ಕೊಟ್ಟಿತು. ಅಷ್ಟು ಹೊತ್ತಿಗೆ 26 ವಾರ. 2023ರ ಅಕ್ಟೋಬರ್ 16ರಂದು ಅದೇ ನ್ಯಾಯಾಲಯ, ಎರಡು ಮಕ್ಕಳ ತಾಯಿಯೊಬ್ಬಳಿಗೆ, 26 ವಾರ ದಾಟಿದ್ದ ಗರ್ಭವನ್ನು ತೆಗೆಸಲು ಅನುಮತಿ ನಿರಾಕರಿಸಿತು, ಭ್ರೂಣದಲ್ಲಿ ದೋಷವಿರಲಿಲ್ಲ. ಎರಡೂ ಕಡೆ ನ್ಯಾಯಾಧೀಶರಿಗೆ ಅವರ ಕಾರಣಗಳಿದ್ದವು. ಆದರೆ ಇಂಥ ಮೊಕದ್ದಮೆಗಳ ಸುದ್ದಿ ಓದಿದಾಗೆಲ್ಲ ನನಗನ್ನಿಸುವುದು ಒಂದೇ: ಅಪ್ಪಣೆಗಾಗಿ ಕಾಯುತ್ತಿರುವಾಗ ವಾರಗಳು ಕಾಯುವುದಿಲ್ಲ. ಕೌಂಟರಿನಲ್ಲಿ ‘ಗಂಡನನ್ನು ಕರೆದುಕೊಂಡು ಬಾ’ ಅಂತ ಹನ್ನೊಂದನೆಯ ವಾರದವಳನ್ನು ವಾಪಸು ಕಳಿಸಿದರೆ, ಅವಳು ಹತ್ತೊಂಬತ್ತನೆಯ ವಾರದಲ್ಲಿ ಮತ್ತೆ ಬರುತ್ತಾಳೆ. ಇಲ್ಲವೇ ಎಲ್ಲಿಂದಲೋ ಮಾತ್ರೆ ತಂದು ಯಾರಿಗೂ ಹೇಳದೆ ನುಂಗುತ್ತಾಳೆ.

ಇನ್ನು ಗಂಡನ ವಿಷಯ. ಅವನಿಗೆ ತಿಳಿಯುವ ಹಕ್ಕಿಲ್ಲವೇ? ಬೆಂಗಳೂರಿನ ಬಿಸಿಲಿನಲ್ಲಿ ಇಟ್ಟಿಗೆ ಹೊತ್ತು ದುಡ್ಡು ಕಳಿಸುವವನು ಅವನು. ಒಳ್ಳೆಯ ದಾಂಪತ್ಯದಲ್ಲಿ ಹೇಳಬೇಕಾದ ಮಾತು ಇದು, ನಿಜ. ಆದರೆ ಹೇಳಬೇಕಾದ ಮಾತು ಬೇರೆ, ಕೇಳಿ ಪಡೆಯಬೇಕಾದ ಅಪ್ಪಣೆ ಬೇರೆ. ಹೇಳುವುದು ಅವರಿಬ್ಬರ ನಡುವಿನ ನಂಬಿಕೆಗೆ ಸೇರಿದ್ದು. ಅದನ್ನು ಆಸ್ಪತ್ರೆಯ ಗುಮಾಸ್ತ ಫಾರಮ್ಮಿನಲ್ಲಿ ಒಂದು ಗೆರೆ ಎಳೆದು ವಸೂಲು ಮಾಡಲಾಗುವುದಿಲ್ಲ.

ಸರ್ಕಾರಕ್ಕೂ ಈ ಎರಡು ಮುಖ ಇದೆ. 1930ರಲ್ಲಿ, ಜಗತ್ತಿನ ಹೆಚ್ಚಿನ ಸರ್ಕಾರಗಳು ಈ ವಿಷಯವನ್ನು ಬಾಯಲ್ಲೂ ಎತ್ತದ ಕಾಲದಲ್ಲಿ, ನಮ್ಮ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಿತು. ಬೇಕಾದವರು ಬಂದು ಕೇಳಬಹುದು ಎಂಬ ಏರ್ಪಾಡು. ಅದು ಜೊತೆಗಿರುವ ಸರ್ಕಾರ. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು; ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಅದು ಅಪ್ಪಣೆ ಮಾಡುವ ಸರ್ಕಾರ. ಆ ಕಹಿಯ ನಂತರ ಭಾರವೆಲ್ಲ ಹೆಂಗಸರ ಮೈಮೇಲೆ ಬಂತು. 2019-21ರ ಅದೇ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಹೆಂಗಸರಲ್ಲಿ ಆಪರೇಷನ್ ಆದವರು ಶೇಕಡಾ 37.9, ಗಂಡಸರ ಆಪರೇಷನ್ ಶೇಕಡಾ 0.3. ನಮ್ಮ ಕರ್ನಾಟಕದಲ್ಲಿ ಹೆಂಗಸರದು ಶೇಕಡಾ 57.4. ಈ ಅಂಕಿಯೊಳಗೆ ನನ್ನಂಥ ಎಷ್ಟು ಮಂದಿಯ ‘ಇಲ್ಲೊಂದು ಸಹಿ ಹಾಕಮ್ಮ’ ಇದೆಯೋ! ಬೇಡವೆಂದವಳಿಗೆ ಹೆರು ಎನ್ನುವುದೂ, ಕೇಳದೆಯೇ ಸಾಕು ನಿಲ್ಲಿಸು ಎನ್ನುವುದೂ ನನಗೆ ಬೇರೆಯಾಗಿ ಕಾಣುವುದಿಲ್ಲ. ಎರಡರಲ್ಲೂ ಅವಳನ್ನು ಕೇಳಿಲ್ಲ.

ಮರುದಿನ ಅವಳನ್ನು ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಉದ್ದದ ಸಾಲು, ಮೂರು ಗಂಟೆ. ಒಳಗಿದ್ದ ಡಾಕ್ಟರಮ್ಮ ವಯಸ್ಸಾದವರು. ಅವರೂ ಅದೇ ಪ್ರಶ್ನೆ ಕೇಳಿದರು. ನನಗೆ ಎದೆ ಧಸಕ್ಕೆಂದಿತು. ‘ನಾನಿದ್ದೇನೆ’ ಅಂದೆ. ‘ಒಳ್ಳೇದಾಯ್ತು. ಸ್ವಲ್ಪ ಹೊತ್ತು ಹೊರಗೆ ಕೂತಿರಿ, ನಾನು ಇವಳೊಬ್ಬಳ ಹತ್ತಿರವೇ ಮಾತಾಡಬೇಕು. ಆಮೇಲೆ ನೀವು ಬೇಕಾಗುತ್ತೀರಿ, ಇವಳನ್ನು ಒಬ್ಬಳೇ ರೈಲು ಹತ್ತಿಸಬೇಡಿ’ ಅಂದರು. ಒಳಗೆ ಅವಳನ್ನು ಕೇಳಿದ್ದು ಒಂದೇ ಅಂತೆ: ಯಾರಾದರೂ ಬಲವಂತ ಮಾಡಿದ್ದಾರಾ, ಹೊರಗೆ ಕೂತಿರುವ ಬೌದಿಯೂ ಸೇರಿದ ಹಾಗೆ. ಅವಳು ಇದನ್ನು ಹೇಳಿದಾಗ ನನ್ನ ಆ ಆರು ತಿಂಗಳ ಲೆಕ್ಕ ನೆನಪಾಗಿ ನಾಚಿಕೆಯೂ ಆಯಿತು, ನೆಮ್ಮದಿಯೂ ಆಯಿತು. ಅದೇ ಪ್ರಶ್ನೆ, ಆದರೆ ಬಾಗಿಲು ಹಾಕುವುದರ ಬದಲು ಬಾಗಿಲು ತೆರೆದಿತ್ತು.

ಅಂದು ರಾತ್ರಿ ಅವಳು ನಮ್ಮ ಮನೆಯಲ್ಲೇ ಮಲಗಿದಳು. ಅಮ್ಮ ಮಾಡುತ್ತಿದ್ದ ಕಾಳುಮೆಣಸಿನ ಸಾರು ಮಾಡಿಕೊಟ್ಟೆ. ಖಾರ ಅಂತ ಮುಖ ಹಿಂಡಿಕೊಂಡೇ ಕುಡಿದಳು. ಒಂದು ವಾರ ಪಾತ್ರೆ ನಾನೇ ತೊಳೆದೆ, ಸಂಬಳ ಹಿಡಿಯಲಿಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಹಕ್ಕು ಅನ್ನುವುದು ಕೊನೆಗೆ ಇಂಥ ಸಣ್ಣ ವಿಷಯಗಳ ಮೇಲೆಯೇ ನಿಲ್ಲುತ್ತದೆ ಅಂತ ಹೇಳುತ್ತಿದ್ದೇನೆ. ಮೂರು ದಿನದ ಕೂಲಿ ಹೋಗುತ್ತದೆ ಎಂಬ ಹೆದರಿಕೆಯಿದ್ದವಳಿಗೆ ಕಾಯ್ದೆಪುಸ್ತಕದ ಹಕ್ಕು ಏನು ಪ್ರಯೋಜನಕ್ಕೆ ಬಂತು?

ಎರಡು ತಿಂಗಳ ಮೇಲೆ ಅವಳೇ ಗಂಡನಿಗೆ ಫೋನಿನಲ್ಲಿ ಹೇಳಿದಳಂತೆ. ಏನಂದ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, ‘ಆಗ ನಿನ್ನ ಜೊತೆಗೆ ಯಾರಿದ್ದರು?’ ಅಂತ ಕೇಳಿದನಂತೆ. ಅಷ್ಟು ಸಾಕು ಅನ್ನಿಸಿತು ನನಗೆ.

ಈಗ ನಿಮ್ಮ ಸರದಿ. ನಿಮ್ಮ ಊರಿನಲ್ಲಿ ಕಟ್ಟಡಗಳೇಳುವ ಕಡೆ, ತಗಡಿನ ಶೆಡ್ಡುಗಳಲ್ಲಿ, ಈ ಕಡೆಯಿಂದ ಬಂದ ಹೆಂಗಸರೂ ಇದ್ದಾರೆ. ಕನ್ನಡ ಬಾರದ ಅವರಲ್ಲೊಬ್ಬಳು ಒಂದು ದಿನ ನಿಮ್ಮ ಆಸ್ಪತ್ರೆಯ ಸಾಲಿನಲ್ಲಿ ನಿಮ್ಮ ಮುಂದೆಯೇ ನಿಂತಿರಬಹುದು. ‘ಜೊತೆಗೆ ಯಾರಿದ್ದಾರೆ?’ ಅಂತ ಒಳಗಿನಿಂದ ಕೇಳುತ್ತಾರೆ. ಅವಳ ನಿರ್ಧಾರ ಏನು ಅಂತ ನಿಮಗೆ ಗೊತ್ತಿರಬೇಕಾಗಿಲ್ಲ, ಒಪ್ಪಬೇಕಾಗಿಯೂ ಇಲ್ಲ. ‘ನಾನಿದ್ದೇನೆ’ ಅನ್ನಿ.