ಕೃಪೆಯೂ ಕೂಲಿಯೂ

ಕ್ರಿಸ್ತನು ಹೇಳಿದ ಸಾಮ್ಯಗಳಲ್ಲಿ ದ್ರಾಕ್ಷೆಯ ತೋಟದ ಆಳುಗಳ ಕಥೆಯಷ್ಟು ಲೋಕವ್ಯವಹಾರಕ್ಕೆ ವಿರುದ್ಧವಾಗಿ ತೋರುವುದು ಮತ್ತೊಂದಿಲ್ಲ. ತೋಟದ ಯಜಮಾನನು ಬೆಳಗಾಗುತ್ತಲೇ ಪೇಟೆಗೆ ಹೋಗಿ, ದಿನಕ್ಕೊಂದು ಬೆಳ್ಳಿಯ ನಾಣ್ಯವೆಂದು ಗೊತ್ತುಮಾಡಿಕೊಂಡು ಆಳುಗಳನ್ನು ಕರೆತರುತ್ತಾನೆ. ಹೊತ್ತೇರಿದ ಮೇಲೆ ಮತ್ತೆ ಕೆಲವರನ್ನು, ಮಧ್ಯಾಹ್ನಕ್ಕೆ ಕೆಲವರನ್ನು, ಕಡೆಗೆ ಸೂರ್ಯಾಸ್ತಕ್ಕೆ ಒಂದೇ ತಾಸು ಉಳಿದಿರುವಾಗಲೂ ಕೆಲವರನ್ನು ಕರೆಯುತ್ತಾನೆ. ಸಂಜೆ ಎಲ್ಲರಿಗೂ ದೊರೆತುದು ಒಂದೊಂದೇ ನಾಣ್ಯ. ದಿನವೆಲ್ಲ ಬಿಸಿಲಿನಲ್ಲಿ ಬೆಂದವರು ಗೊಣಗಿದರು. ಗೊಣಗದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಈ ಕಥೆಯನ್ನು ಉಪದೇಶಕರು ಸಾಧಾರಣವಾಗಿ ದೇವರ ಕೃಪೆಗೆ ಅನ್ವಯಿಸುತ್ತಾರೆ. ಮನುಷ್ಯನು ಎಷ್ಟು ದುಡಿದನೆಂದು ಎಣಿಸಿ ದೇವರು ಕೊಡುವುದಿಲ್ಲ. ತನ್ನ ಔದಾರ್ಯದಿಂದ ಕೊಡುತ್ತಾನೆ ಎಂಬುದು ಅವರ ವ್ಯಾಖ್ಯಾನ. ಅದು ಸರಿಯೇ. ಆದರೆ ಕಥೆಯೊಳಗಿನ ಒಂದು ಸಣ್ಣ ಸಂಗತಿಯು ಅನೇಕ ವೇಳೆ ಅವರ ಕಣ್ಣಿಗೆ ಬೀಳದೆ ಹೋಗುತ್ತದೆ. ಮೊದಲು ಬಂದ ಆಳುಗಳಿಗೆ ಮಾತುಕೊಟ್ಟ ನಾಣ್ಯದಲ್ಲಿ ಒಂದು ಕಾಸೂ ಕಡಮೆಯಾಗಲಿಲ್ಲ; ಅದೂ ಅದೇ ದಿನದ ಸಂಜೆಯೇ ಅವರ ಕೈಸೇರಿತು. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ಬಡವನು ಅದರ ಮೇಲೆಯೇ ಆಸೆಯಿಟ್ಟಿರುತ್ತಾನೆಂದು ಕಾರಣವನ್ನೂ ಅಲ್ಲಿಯೇ ಹೇಳಿದೆ. ಆ ಯಜಮಾನನು ವಿಧಿಯನ್ನು ಪೂರ್ತಿಯಾಗಿ ಸಲ್ಲಿಸಿದ ಬಳಿಕ ಔದಾರ್ಯಕ್ಕೆ ಕೈಹಾಕಿದನು. ನ್ಯಾಯವು ಮುಗಿದಲ್ಲಿ ಅವನ ಕೃಪೆಯು ಆರಂಭವಾಯಿತಲ್ಲದೆ, ನ್ಯಾಯದ ಬದಲಿಗೆ ಕೃಪೆಯು ಬರಲಿಲ್ಲ.

ಈ ಭೇದವನ್ನು ಪುಸ್ತಕದಲ್ಲಿ ಒಪ್ಪುವುದು ಸುಲಭ. ನಿತ್ಯಜೀವನದಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಮಂಗಳೂರಿನ ಬಾಸೆಲ್ ಮಿಷನ್ನಿನ ಇತಿಹಾಸಕ್ಕಿಂತ ಒಳ್ಳೆಯ ನಿದರ್ಶನವು ಕನ್ನಡನಾಡಿನಲ್ಲಿ ದೊರೆಯಲಾರದು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು 1834ರಲ್ಲಿ ಅಲ್ಲಿಗೆ ಬಂದರು. ಅವರು ಬಂದುದು ಸುವಾರ್ತೆಯನ್ನು ಸಾರುವುದಕ್ಕೆ, ಕಾರ್ಖಾನೆಗಳನ್ನು ಹೂಡುವುದಕ್ಕಲ್ಲ. ಆದರೆ ದೀಕ್ಷಾಸ್ನಾನವನ್ನು ಹೊಂದಿದವನ ಮನೆಯಲ್ಲಿ ಮಾರನೆಯ ದಿನ ಒಲೆ ಹೊತ್ತಬೇಕಷ್ಟೆ. ಹೊಸದಾಗಿ ಸೇರಿದವರಲ್ಲಿ ಬಹುಮಂದಿ ಬಿಲ್ಲವರು. ಮೂರ್ತೆಯ ಕೆಲಸವು ಕ್ರೈಸ್ತನಿಗೆ ತಕ್ಕುದಲ್ಲವೆಂದು ಮಿಷನ್ನಿನವರು ತಿಳಿದುದರಿಂದ ಕುಲದ ಕಸಬು ಹೋಯಿತು. ಜಾತಿ ಬಿಟ್ಟವನೆಂದು ಮನೆಯವರು ದೂರವಿಟ್ಟುದರಿಂದ ಕುಟುಂಬದ ಆಶ್ರಯವೂ ತಪ್ಪಿತು. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗಬಾರದೆಂದು 1850ರಲ್ಲಿ ಸರಕಾರವು ಕಾಯಿದೆಯನ್ನು ಮಾಡಿತಾದರೂ, ಕಾಯಿದೆಯಿಂದ ನೆರೆಹೊರೆಯ ಮನಸ್ಸು ಕರಗುವುದುಂಟೆ?

ಹೀಗಿರಲು, ಪಾದ್ರಿಗಳ ಮುಂದೆ ಎರಡೇ ದಾರಿಗಳಿದ್ದುವು. ಧರ್ಮದ ಅನ್ನವನ್ನು ಹಾಕುವುದೊಂದು, ದುಡಿಮೆಯನ್ನು ಒದಗಿಸುವುದೊಂದು. ಅವರು ಎರಡನೆಯದನ್ನು ಹಿಡಿದರು. 1841ರಲ್ಲಿ ಮುದ್ರಣಾಲಯ, 1851ರಲ್ಲಿ ಬಂದ ಹಾಲರನ ಮುಂದಾಳುತನದಲ್ಲಿ ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ತೆರೆದ ಹೆಂಚಿನ ಕಾರ್ಖಾನೆ, ಹೀಗೆ ಒಂದರ ಹಿಂದೊಂದು ಬಂದುವು. ಮಂಗಳೂರು ಹೆಂಚು ಎಂಬ ಹೆಸರು ಹುಟ್ಟಿದುದು ಇಲ್ಲಿ. ಮುಂದೆ ಎಷ್ಟೋ ಮನೆಗಳಿಗೆ ಮಳೆಯಿಂದ ರಕ್ಷಣೆಯಾದ ಆ ಹೆಂಚು, ಮೊದಲು ಮನೆ ಕಳೆದುಕೊಂಡವರ ಅನ್ನದ ಪ್ರಶ್ನೆಗೆ ಉತ್ತರವಾಗಿತ್ತೆಂಬುದನ್ನು ಇಂದು ನೆನೆಯುವವರು ಕಡಮೆ.

ಈ ಕಾರ್ಯವನ್ನು ಹಳಿಯುವುದು ನ್ಯಾಯವಲ್ಲ. ಹಸಿದವನಿಗೆ ಆತ್ಮರಕ್ಷಣೆಯನ್ನು ಮಾತ್ರ ಉಪದೇಶಿಸಿ ಕಳುಹಿಸುವ ಮತವು ಯಾವ ದೇಶದ್ದಾದರೂ ಟೊಳ್ಳು. ಮೈಮುರಿದು ದುಡಿಯುವುದೂ ದೇವರ ಸೇವೆಯೇ ಎಂಬುದು ಆ ಜರ್ಮನ್, ಸ್ವಿಸ್ ಪಾದ್ರಿಗಳು ತಮ್ಮ ಊರಿನಿಂದ ತಂದ ನಂಬಿಕೆ. ಬಸವಣ್ಣನ ಕಾಲದಿಂದ ಕಾಯಕದ ಮಾತನ್ನು ಕೇಳಿಬಂದ ಈ ನಾಡಿಗೆ ಅದೇನೂ ಅಪರಿಚಿತವಲ್ಲ. ಭಿಕ್ಷದ ಅಕ್ಕಿಗಿಂತ ಕೂಲಿಯ ಅಕ್ಕಿಯು ಮನುಷ್ಯನ ಬೆನ್ನನ್ನು ನೆಟ್ಟಗಿಡುತ್ತದೆ.

ತೊಡಕಿದ್ದುದು ಬೇರೊಂದು ಕಡೆ. ಸಭೆಯೂ ಕಾರ್ಖಾನೆಯೂ ಒಂದೇ ಅಂಗಳದಲ್ಲಿ ನಿಂತುವು. ವ್ಯಾಪಾರಕ್ಕೆಂದು 1859ರಲ್ಲಿ ಬೇರೆ ಸಂಸ್ಥೆಯನ್ನು ಏರ್ಪಡಿಸಿದರೂ, ಕೆಲಸಗಾರನ ಕಣ್ಣಿಗೆ ಆ ಬೇರ್ಪಾಡು ಕಾಣಿಸುವಂಥದೆ? ಭಾನುವಾರ ಪ್ರಸಂಗಪೀಠದಿಂದ ಕೃಪೆಯನ್ನು ಸಾರಿದವರೂ ಬಿಳಿಯ ಪಾದ್ರಿಗಳು. ವಾರದ ದಿನಗಳಲ್ಲಿ ಕೂಲಿಯನ್ನು ಗೊತ್ತುಮಾಡಿದವರೂ ಅವರ ಬಂಧುಗಳೇ. ಹೆಂಚಿನ ಕೆಲಸವು ಮಳೆಗಾಲದಲ್ಲಿ ಹಿಂದೆ ಬೀಳುವಂಥದು; ಹಸಿಯ ಹೆಂಚು ಆಷಾಢದ ಗಾಳಿಯಲ್ಲಿ ಬೇಗನೆ ಆರದು. ಆಗ ಕೆಲಸವಿಲ್ಲದೆ ಕುಳಿತ ಒಬ್ಬ ಆಳನ್ನು ಊಹಿಸಿಕೊಳ್ಳಬಹುದು. ಅವನ ಮನೆಗೆ ಸಭಾಪಾಲಕನು ಬರುತ್ತಾನೆ. ಬಂದವನು ತನ್ನ ದುಃಖವನ್ನು ಕೇಳಲು ಬಂದ ಕುರುಬನೋ, ಅಥವಾ ಕೆಲಸಕ್ಕೆ ಯಾರನ್ನು ಮತ್ತೆ ಕರೆಯಬೇಕೆಂದು ಹೇಳಬಲ್ಲ ಯಜಮಾನನ ಸ್ನೇಹಿತನೋ? ಈ ಸಂದೇಹವಿರುವ ಮನೆಯಲ್ಲಿ ಪಾಪನಿವೇದನೆಯು ಪ್ರಾಮಾಣಿಕವಾಗಿ ನಡೆಯಲಾರದು. ಕಳೆದ ರಾತ್ರಿ ಕುಡಿದೆನೆಂದು ಹೇಳಿದರೆ ನಾಳೆ ಕೆಲಸ ಹೋದೀತೆಂದು ಹೆದರುವವನು ಕುಡಿದುದನ್ನು ಮುಚ್ಚಿಟ್ಟು ಪ್ರಾರ್ಥನೆಗೆ ತಲೆ ಬಾಗಿಸುತ್ತಾನೆ. ಪಾಲಕನು ಆ ಬಾಗಿದ ತಲೆಯನ್ನು ಭಕ್ತಿಯೆಂದು ಎಣಿಸಿ ಸಂತೋಷದಿಂದ ಹಿಂತಿರುಗುತ್ತಾನೆ.

ಅನ್ನಕ್ಕಾಗಿ ಮತ ಬಿಟ್ಟವರೆಂಬ ಹೊರಗಿನವರ ನಿಂದೆಯು ಕ್ರೈಸ್ತರಿಗೆ ನೋವನ್ನುಂಟುಮಾಡುವುದು ಸಹಜ. ಆದರೆ ಅದಕ್ಕಿಂತ ಆಳವಾದ ಗಾಯ ಇದು: ಕೃಪೆಯನ್ನು ಕೂಲಿಯ ಪಟ್ಟಿಗೆ ಬರೆದರೆ ಆಳಿನ ನಂಬಿಕೆಯ ಬೆಲೆಯು ಅವನಿಗೇ ತಿಳಿಯದಂತಾಗುತ್ತದೆ. ಕೂಲಿಯನ್ನು ಕೃಪೆಯ ಪಟ್ಟಿಗೆ ಬರೆದರೆ, ದುಡಿದುದನ್ನು ಕೇಳುವುದೇ ಕೃತಘ್ನತೆಯಾಗುತ್ತದೆ.

ಎರಡನೆಯ ದೋಷವು ಕಾರ್ಖಾನೆಗೆ ಮಾತ್ರ ಸಂಬಂಧಿಸಿದುದೆಂದು ವಿದ್ಯಾವಂತ ಗೃಹಸ್ಥರು ನೆಮ್ಮದಿಯಿಂದ ಇರುವಂತಿಲ್ಲ. ಕ್ರಿಸ್ತಜಯಂತಿಗೆ ಮನೆಯ ಕೆಲಸದವಳಿಗೆ ಸೀರೆಯನ್ನು ಕೊಟ್ಟು, ಮಗುವಿಗೆ ಜ್ವರವೆಂದು ಅವಳು ಬಾರದ ಮೂರು ದಿನಗಳ ಸಂಬಳವನ್ನು ಅದೇ ತಿಂಗಳು ಹಿಡಿಯುವ ಗೃಹಿಣಿಯರುಂಟು. ಸೀರೆಯನ್ನು ಕೊಟ್ಟುದು ನಾಲ್ಕು ಜನರಿಗೆ ಗೊತ್ತಾಗುತ್ತದೆ. ಸಂಬಳ ಹಿಡಿದುದು ಇಬ್ಬರಿಗೇ ಗೊತ್ತು. ಇಂಥ ಮನೆಗಳು ಕ್ರೈಸ್ತರಲ್ಲಿ ಮಾತ್ರ ಇವೆಯೆಂದಲ್ಲ. ದೀಪಾವಳಿಯಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. ಆದರೆ ತಡೆಹಿಡಿದ ಕೂಲಿಯು ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆಂದು ಯಾಕೋಬನ ಪತ್ರಿಕೆಯಲ್ಲಿ ಓದಿದವರಿಗೆ ಅರಿಯದೆ ಮಾಡಿದೆವೆಂಬ ನೆಪವಿಲ್ಲ.

ಹಾಗಾದರೆ ಪಾಲಕನು ಹಣದ ಮಾತಿನಿಂದ ದೂರವಿರಬೇಕೆ? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು. ಕಾರ್ಖಾನೆಗಳೂ ಮಿಷನ್ನಿನ ಕೈಬಿಟ್ಟುವು. ಸಭೆಯು ಅನ್ನದ ಮೇಲೆಯೇ ನಿಂತಿದ್ದರೆ ಅಂದೇ ಬೀಳಬೇಕಾಗಿತ್ತು. ಬೀಳಲಿಲ್ಲ. ಊರಿನ ಪಾಲಕರು ಕೊಡಲು ಕೈಯಲ್ಲಿ ಕೆಲಸವಿಲ್ಲದೆಯೇ ಮನೆಗಳಿಗೆ ಹೋದರು. ದಕ್ಷಿಣ ಕನ್ನಡದ ಆ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿ ಮುಂದುವರಿದುವು. ಬರಿಗೈಯ ಪಾಲಕನ ಮಾತಿಗೆ ಬೆಲೆಯುಂಟೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಆದರೆ ಬರಿಗೈಯೇ ಆದರ್ಶವೆಂದು ಇದರಿಂದ ಏರ್ಪಡುವುದಿಲ್ಲ. ಹಣದ ವಿಷಯವು ಲೌಕಿಕವೆಂದು ಬಡವನ ಸಾಲದ ಮಾತು ಬಂದಾಗ ಎದ್ದುಹೋಗುವ ಪಾಲಕನು ಯಜಮಾನ ಪಾದ್ರಿಗಿಂತ ಮೇಲೇನೂ ಅಲ್ಲ.

ಅಪೊಸ್ತಲ ಪೌಲನ ನಡತೆಯು ಇಲ್ಲಿ ವಿಚಾರಾರ್ಹವಾಗಿದೆ. ಸಭೆಗಳಿಂದ ಜೀವನಾಂಶವನ್ನು ಪಡೆಯುವ ಹಕ್ಕು ತನಗುಂಟೆಂದು ವಾದಿಸಿದವನೂ ಅವನೇ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರೊಂದಿಗೆ ಗುಡಾರಗಳನ್ನು ಹೊಲಿದು ಹೊಟ್ಟೆ ಹೊರೆದವನೂ ಅವನೇ. ಸೆರೆಯಲ್ಲಿದ್ದಾಗ ಅವನು ಫಿಲೆಮೋನನೆಂಬ ಸಿರಿವಂತನಿಗೆ ಒಂದು ಚಿಕ್ಕ ಪತ್ರವನ್ನು ಬರೆದನು. ಫಿಲೆಮೋನನ ದಾಸನಾದ ಒನೇಸಿಮನು ಯಜಮಾನನಿಂದ ಅಗಲಿ, ಪೌಲನ ಬಳಿ ಸೇರಿ ವಿಶ್ವಾಸಿಯಾಗಿದ್ದನು. ಅವನನ್ನು ಹಿಂದಕ್ಕೆ ಕಳುಹಿಸುವಾಗ ಪೌಲನು, ಇವನು ಈಗ ಸಹೋದರನಾದುದರಿಂದ ಹಳೆಯ ಲೆಕ್ಕವನ್ನು ಮರೆತುಬಿಡು ಎನ್ನಲಿಲ್ಲ. ಸಾಲವು ಸಾಲವೇ. ಸಹೋದರನಾದ ಮೇಲೂ ತೀರಿಸಲೆಂದು ದಾಸನ ತಲೆಯ ಮೇಲೆ ಅದನ್ನು ಹೊರಿಸಲೂ ಇಲ್ಲ. ಇವನಿಂದ ನಷ್ಟವೇನಾದರೂ ಆಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕಬೇಕೆಂದೂ, ತಾನೇ ತೀರಿಸುವೆನೆಂದೂ ಸ್ವಹಸ್ತದಿಂದ ಬರೆದುಕೊಟ್ಟನು. ಬರೆದವನು ಬೇಡಿಯಲ್ಲಿದ್ದ ಮುದುಕ. ಬರೆದುದು ಋಣಪತ್ರದ ಭಾಷೆ. ಫಿಲೆಮೋನನು ಆ ಹಣವನ್ನು ಎಂದಾದರೂ ಕೇಳಿದನೋ ಇಲ್ಲವೋ ಎಂಬುದನ್ನು ಸತ್ಯವೇದವು ಎಲ್ಲಿಯೂ ಹೇಳಿಲ್ಲ.