ಉಡಕ್ಕೊಂದು ಮನೆ ಕಟ್ಟುವ ಮುನ್ನ

ಕಳೆದ ತಿಂಗಳು ಭಾನುವಾರದ ಎರಡನೆಯ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ನನಗಾಗಿ ಕಾದು ನಿಂತಿದ್ದರು. ಅವರ ಮಗಳ ಕುಟುಂಬ ಅಮೆರಿಕದ ಟೆಕ್ಸಾಸಿನಲ್ಲಿದೆ. "ಸ್ವಾಮಿ, ಮೊಮ್ಮಗ ಉಡ ಸಾಕ್ತೀನಿ ಅಂತ ಹಟ ಹಿಡಿದಿದ್ದಾನೆ. ಅಲ್ಲಿ ಅಂಗಡೀಲೇ ಮಾರ್ತಾರಂತೆ. ಉಡ ಮನೆ ಹೊಕ್ಕರೆ ಮನೆಗೇ ಕೇಡು ಅಂತ ನಮ್ಮಮ್ಮ ಹೇಳ್ತಿದ್ದರು. ತಪ್ಪಾ, ಸರೀನಾ, ನೀವೇ ಹೇಳಿ" ಎಂದರು. "ಕೇಡು ಗೀಡು ಏನೂ ಇಲ್ಲಮ್ಮ, ಉಡವೂ ದೇವರು ಮಾಡಿದ ಜೀವಿಯೇ" ಎಂದೆ. ಅಪಶಕುನದ ಮಾತು ಅಲ್ಲಿಗೆ ಮುಗಿಯಿತು. ಆದರೆ ತಪ್ಪೋ ಸರಿಯೋ ಎಂಬ ಪ್ರಶ್ನೆ ಮುಗಿಯಲಿಲ್ಲ.

ನಮ್ಮ ನಾಡಿನಲ್ಲಾದರೆ ಈ ಪ್ರಶ್ನೆಯೇ ಏಳುವುದಿಲ್ಲ. ಭಾರತದ ನಾಲ್ಕು ಬಗೆಯ ಉಡಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹಿಡಿಯುವುದು, ಕೊಲ್ಲುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಜೈಲು ಶಿಕ್ಷೆಯ ಅಪರಾಧ. ಒಂದು ಕಾಲದಲ್ಲಿ ಖಂಜಿರಕ್ಕೆ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ಈಗ ಅದಕ್ಕೂ ಅವಕಾಶವಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಾಗಲ್ಲ. ಆಫ್ರಿಕದ ಹುಲ್ಲುಗಾವಲಿನ ಉಡವನ್ನು, ಅವರು ಸವಾನಾ ಮಾನಿಟರ್ ಎನ್ನುವುದನ್ನು, ಹಣ ಕೊಟ್ಟು ಮನೆಗೆ ಕೊಂಡೊಯ್ಯಬಹುದು. ಕಾನೂನು ಅಡ್ಡ ಬರದಿದ್ದಾಗಲೇ ಅಲ್ಲವೇ ಮನಸ್ಸಾಕ್ಷಿಗೆ ನಿಜವಾದ ಕೆಲಸ ಬೀಳುವುದು?

ಆ ಹುಡುಗನಿಗೆ ಹನ್ನೆರಡು ವರ್ಷ. ಒಂದು ವರ್ಷದಿಂದ ತಯಾರಿ ನಡೆಸಿದ್ದಾನೆ. ಅಜ್ಜಿಗೆ ವಾಟ್ಸಾಪಿನಲ್ಲಿ ಕಳುಹಿಸಿದ ನಕ್ಷೆಯನ್ನು ನಾನೂ ನೋಡಿದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಮರದ ಪೆಟ್ಟಿಗೆ. ಬಿಲ ತೋಡಿಕೊಳ್ಳಲು ತಳದಲ್ಲಿ ಎರಡು ಅಡಿ ಮಣ್ಣು. ಮೈ ಕಾಯಿಸಿಕೊಳ್ಳಲು ಒಂದು ಮೂಲೆಯಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟುವ ದೀಪದ ಬಿಸಿ, ಇನ್ನೊಂದು ಮೂಲೆ ತಂಪು. ಆಹಾರಕ್ಕೆ ಮಿಡತೆ, ಜಿರಳೆ, ಬಸವನ ಹುಳು. ಇಲಿ ಹಾಕಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾನೆ. ಸಾಕುವವರು ಸುಲಭವೆಂದು ಇಲಿಯನ್ನೇ ತಿನ್ನಿಸಿ, ಅದು ಕೊಬ್ಬಿ, ಯಕೃತ್ತು ಕೆಟ್ಟು ಸಾಯುವುದುಂಟು. ನನಗೆ ಸಂತೋಷವೇ ಆಯಿತು. ನಮ್ಮಲ್ಲಿ ವಿವಾಹ ಸಿದ್ಧತಾ ಶಿಬಿರಕ್ಕೆ ಬರುವ ಜೋಡಿಗಳು ಇದರ ಕಾಲುಭಾಗ ಯೋಚಿಸಿ ಬಂದರೂ ನಾನು ದೇವರಿಗೆ ಸ್ತೋತ್ರ ಹೇಳುತ್ತೇನೆ.

ಸಿದ್ಧತೆ ಎಂದರೆ ಏನು? ವಸ್ತುಗಳನ್ನು ಜೋಡಿಸುವುದು ಮಾತ್ರವೇ? ಗುರುಮಠದಲ್ಲಿ ನಮಗೆ ಅರಿಸ್ಟಾಟಲನನ್ನು ಕಲಿಸುವಾಗ ಹೇಳುತ್ತಿದ್ದ ಮೊದಲ ಮಾತು, ಪ್ರತಿಯೊಂದು ಜೀವಿಗೂ ಅದರದೇ ಸ್ವಭಾವವಿದೆ, ಆ ಸ್ವಭಾವ ಪೂರ್ಣವಾಗಿ ಅರಳುವುದೇ ಅದರ ಒಳಿತು ಎಂದು. ಉಡದ ಸ್ವಭಾವ ನಡೆಯುವುದು, ಅಗೆಯುವುದು, ನಾಲಿಗೆ ಚಾಚಿ ವಾಸನೆ ಹಿಡಿಯುತ್ತ ಬೇಟೆ ಹುಡುಕುವುದು. ಅಂಗಡಿಯಲ್ಲಿ ಅಂಗೈಯಗಲ ಇರುವ ಮರಿ ಬೆಳೆದರೆ ಸುಮಾರು ಒಂದು ಮೀಟರ್ ಆಗುತ್ತದೆ. ಹತ್ತು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು ಬದುಕುತ್ತದೆ. ಆಗ ಹುಡುಗ ಕಾಲೇಜಿನ ಹಾಸ್ಟೆಲಿನಲ್ಲಿರುತ್ತಾನೆ. ಮಿಡತೆ ಹಾಕುವವರು ಅವನ ತಾಯಿ. ಅವನಿಗೆ ಮೂರು ವರ್ಷದ ತಂಗಿಯೂ ಇದ್ದಾಳೆ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಅವನ್ನು ಸಾಕಬಾರದೆಂದು ಆ ದೇಶದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ನಕ್ಷೆಯಲ್ಲಿ ತಾಯಿಯೂ ಇರಲಿಲ್ಲ, ತಂಗಿಯೂ ಇರಲಿಲ್ಲ.

ಇದಕ್ಕಿಂತ ಆಳದಲ್ಲಿ ಇನ್ನೊಂದು ಮಾತಿದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಪ್ರಾಣಿಗಳನ್ನೆಲ್ಲ ಆದಾಮನ ಮುಂದೆ ತರುತ್ತಾರೆ. ಅವನು ಒಂದೊಂದಕ್ಕೂ ಹೆಸರಿಡುತ್ತಾನೆ, ಆದರೆ ಅವುಗಳಲ್ಲಿ ತನಗೆ ಸರಿಜೋಡಿಯನ್ನು ಕಾಣುವುದಿಲ್ಲ. ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಇದೇ ಜಾಡಿನಲ್ಲಿ ಯೋಚಿಸಿ, ಬುದ್ಧಿಯಿಲ್ಲದ ಜೀವಿಗಳೊಡನೆ ಸರಿಯಾದ ಅರ್ಥದಲ್ಲಿ ಗೆಳೆತನ ಸಾಧ್ಯವಿಲ್ಲ, ದೇವರ ಮಹಿಮೆಗಾಗಿ ಮತ್ತು ಮನುಷ್ಯರ ಉಪಯೋಗಕ್ಕಾಗಿ ಅವು ಉಳಿಯಲಿ ಎಂದು ಬಯಸುವ ಮಟ್ಟಿಗೆ ಮಾತ್ರ ಅವುಗಳನ್ನು ಪ್ರೀತಿಸಬಹುದು ಎಂದರು. ನಾಯಿ ಸಾಕಿದವರಿಗೆ ಇದು ಒಪ್ಪಿಗೆಯಾಗದು. ಬಾಲ ಆಡಿಸುತ್ತ ಬಾಗಿಲಿಗೆ ಓಡಿ ಬರುವ ಪ್ರಾಣಿ ಗೆಳೆಯನಲ್ಲವೆಂದರೆ ಯಾರು ನಂಬುತ್ತಾರೆ? ಉಡ ಅಂಥ ಭ್ರಮೆಗೆ ಎಡೆಗೊಡುವುದಿಲ್ಲ. ಬಹಳವಾದರೆ ನಿಮ್ಮ ಕೈಗೆ ಹೆದರದಿರುವುದನ್ನು ಕಲಿಯುತ್ತದೆ. ಅದನ್ನು ಸಾಕಿದವನಿಗೆ ಪ್ರೀತಿ ಮರಳಿ ಬರುವುದಿಲ್ಲ. ಆದ್ದರಿಂದ ನಾನು ಇದನ್ನು ಸಾಕುವುದು ಯಾರಿಗಾಗಿ ಎಂಬ ಪ್ರಶ್ನೆ ಅವನಿಗೆ ತಪ್ಪಿದ್ದಲ್ಲ. ಶಾಲೆಯಲ್ಲಿ ಯಾರಲ್ಲೂ ಇಲ್ಲದ್ದು ನನ್ನಲ್ಲಿದೆ ಎಂಬ ಹೆಮ್ಮೆಗಾಗಿಯೋ, ಅಥವಾ ಅದರ ಒಳಿತಿಗಾಗಿಯೋ?

ಅದರ ಒಳಿತಿಗಾಗಿ ಎನ್ನುವುದಾದರೆ ಆ ಮರಿ ಎಲ್ಲಿಂದ ಬರುತ್ತದೆ ಎಂದೂ ನೋಡಬೇಕು. ಇವು ಹೆಚ್ಚಾಗಿ ಬರುವುದು ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ದೇಶಗಳಿಂದ. ಹೊಲಗಳ ಬಿಲಗಳಿಂದ ಮರಿಗಳನ್ನು ಅಗೆದು ತೆಗೆಯುತ್ತಾರೆ. ಮೊಟ್ಟೆಗಳನ್ನೂ ಬಸುರಿ ಹೆಣ್ಣುಗಳನ್ನೂ ಹಿಡಿದು ತಂದು ಮರಿ ಮಾಡಿಸುವುದೂ ಉಂಟು. ಆ ಮೇಲೆ ಚೀಲ, ಪೆಟ್ಟಿಗೆ, ವಿಮಾನ, ಅಂಗಡಿ. ಅಗೆಯುವವನು ಬಡ ರೈತ. ಅವನಿಗೆ ಅದು ಮಕ್ಕಳ ಊಟದ ಕಾಸು, ಅವನನ್ನು ಇಲ್ಲಿ ಕುಳಿತು ಖಂಡಿಸಲು ನನಗೆ ಮನಸ್ಸಿಲ್ಲ. ಆದರೆ ಕೊಳ್ಳುವವನ ಮನೆಯಲ್ಲಿ ಹಸಿವಿಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಎರಡೂ ಕಡೆ ಕಣ್ಣಿಡುತ್ತದೆ. ಕೆಲಸಕ್ಕೂ ವಿರಾಮಕ್ಕೂ ಪ್ರಾಣಿಗಳನ್ನು ಸಾಕಬಹುದು ಎನ್ನುತ್ತದೆ. ಅವುಗಳಿಗೆ ವೃಥಾ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎನ್ನುತ್ತದೆ. ಕಷ್ಟದಲ್ಲಿರುವ ಮನುಷ್ಯರಿಗೆ ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎನ್ನುತ್ತದೆ. ಇಲ್ಲಿ ಮರಿಯ ಬೆಲೆ ಅಗ್ಗ. ಪೆಟ್ಟಿಗೆ, ದೀಪ, ವಿದ್ಯುತ್ತು, ಸರೀಸೃಪಗಳನ್ನು ನೋಡಬಲ್ಲ ಪಶುವೈದ್ಯರ ಖರ್ಚು ಅದರ ಎಷ್ಟೋ ಪಟ್ಟು. ಅಗ್ಗದ ಮರಿಯನ್ನು ಕಂಡು ಕೊಂಡವರು ಉಳಿದ ಖರ್ಚಿನಲ್ಲಿ ಕೈ ಹಿಡಿಯುತ್ತಾರೆ, ಆ ಕೊರತೆಯನ್ನು ಪ್ರಾಣಿ ತನ್ನ ಮೈಯಲ್ಲಿ ಅನುಭವಿಸುತ್ತದೆ.

ಅಕ್ವಿನಾಸರು ಮನುಷ್ಯನ ಉಪಯೋಗ ಎಂದಲ್ಲಿಗೆ ಮಾತು ನಿಲ್ಲುವುದಿಲ್ಲ. ಜಗದ್ಗುರು ಫ್ರಾನ್ಸಿಸರು 2015ರ ಲೌದಾತೊ ಸಿ ವಿಶ್ವಪತ್ರದಲ್ಲಿ, ಪ್ರತಿ ಜೀವಿಗೂ ದೇವರ ದೃಷ್ಟಿಯಲ್ಲಿ ಸ್ವಂತ ಬೆಲೆಯಿದೆ, ದೊರೆತನವೆಂದರೆ ಮನಬಂದಂತೆ ಆಳುವ ಪರವಾನಗಿಯಲ್ಲ ಎಂದು ಬರೆದರು. ಹಾಗಾದರೆ ಬೆಳೆದು ಬೇಸರ ಹುಟ್ಟಿಸಿದ ಉಡವನ್ನು ಬಯಲಿಗೆ ಬಿಟ್ಟುಬಿಡುವುದು ದಯೆಯೇ? ಉಡದ ಇನ್ನೊಂದು ಜಾತಿಯಾದ ನೈಲ್ ಉಡಗಳು ಸಾಕುಪ್ರಾಣಿ ವ್ಯಾಪಾರದಿಂದ ತಪ್ಪಿಸಿಕೊಂಡೋ ಬಿಡಲ್ಪಟ್ಟೋ ಫ್ಲಾರಿಡಾದ ಕೇಪ್ ಕೋರಲಿನಲ್ಲಿ 1990ರ ಸುಮಾರಿನಿಂದ ನೆಲೆಯೂರಿವೆ. ಅಲ್ಲಿ ನೆಲದ ಬಿಲಗಳಲ್ಲಿ ಗೂಡು ಮಾಡುವ ಗೂಬೆಗಳಿಗೆ ಅವು ಕಂಟಕವಾಗಿವೆ. 2021ರಲ್ಲಿ ಆ ರಾಜ್ಯ ನೈಲ್ ಉಡವನ್ನು ಸಾಕುವುದನ್ನೇ ನಿಷೇಧಿಸಿತು. ನೋಹನು ನಾವೆಯಲ್ಲಿ ಪ್ರಾಣಿಗಳನ್ನು ಇರಿಸಿಕೊಂಡದ್ದು ಒಣನೆಲ ಕಂಡ ದಿನ ಹೊರಗೆ ಬಿಡುವುದಕ್ಕಾಗಿ. ಟೆಕ್ಸಾಸಿನ ಮನೆಯ ಪೆಟ್ಟಿಗೆಗೆ ಅಂಥ ದಿನ ಬರುವುದಿಲ್ಲ.

ಆದ್ದರಿಂದ ಅಂಗಡಿಯಿಂದ ಹೊಸ ಮರಿ ಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ತಂಗಿಗೆ ಐದು ತುಂಬಿದ ಮೇಲೂ ಬೇಡ. ಅದನ್ನು ಆ ಮನೆಯವರಿಗೆ ತಿಳಿಸಿದ್ದೇನೆ. ಆದರೆ ಹುಡುಗನ ನಕ್ಷೆಯನ್ನು ಹರಿದು ಹಾಕಬೇಡಿ ಎಂದೂ ತಿಳಿಸಿದ್ದೇನೆ. ಅಮೆರಿಕದಲ್ಲಿ ಸರೀಸೃಪಗಳ ಆಶ್ರಯಧಾಮಗಳಿವೆ. ಸಾಕಲಾರದೆ ಜನ ಬಿಟ್ಟುಕೊಟ್ಟ ಉಡಗಳು ಅಲ್ಲಿ ಬಂದು ಸೇರುತ್ತವೆ. ಅವು ಆಫ್ರಿಕಕ್ಕೆ ಮರಳಲಾರವು, ಹೊರಗೆ ಬಿಡುವಂತೆಯೂ ಇಲ್ಲ. ಅವಕ್ಕೆ ಎಂಟು ಅಡಿಯ ಮನೆಯೇ ದೊಡ್ಡ ಉಪಕಾರ. ಅಲ್ಲಿಂದ ತರುವವನಿಗೆ ಅಂಗೈ ಮೇಲಿನ ಮುದ್ದು ಮರಿ ಸಿಗುವುದಿಲ್ಲ. ಬುಸುಗುಟ್ಟಿ ಬಾಲ ಬೀಸುವ, ಇಲಿ ತಿಂದು ಕೊಬ್ಬಿದ, ಉಗುರು ಬೆಳೆದ ಮುದಿ ಪ್ರಾಣಿ ಸಿಗಬಹುದು. ತಿಂಗಳುಗಟ್ಟಲೆ ಹುಳು ತಿನ್ನಿಸಿ ಮೈ ಇಳಿಸಬೇಕು, ಮಣ್ಣು ತೋಡುವುದನ್ನು ಅದು ಮತ್ತೆ ಶುರು ಮಾಡುವ ತನಕ ದೂರ ನಿಂತು ಕಾಯಬೇಕು.