‘ಆಗುವುದಿಲ್ಲ’ ಎನ್ನುವ ಮೊದಲು

ವಸಂತ್ ಕುಂಜಿನ ನಮ್ಮ ಡಿಡಿಎ ಫ್ಲ್ಯಾಟಿಗೆ ಲಿಫ್ಟ್ ಇಲ್ಲ. ಮೂರನೇ ಮಹಡಿಗೆ ಪಾರ್ಸೆಲ್ ಹೊತ್ತು ತರುವ ಹುಡುಗರು ಬಾಗಿಲಲ್ಲಿ ಒಂದು ಗಳಿಗೆ ನಿಂತು ಏದುಸಿರು ಬಿಡುತ್ತಾರೆ. ಆಗೆಲ್ಲ ನಾನು ಹೇಳಿದ ಒಂದು ಸುಳ್ಳು ನೆನಪಾಗುತ್ತದೆ.

ಡೆಲಿವರಿಯವರು ಯಾವ ದಾರಿಯಲ್ಲಿ ಹೋಗಬೇಕೆಂದು ಗೊತ್ತುಮಾಡುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಒಮ್ಮೆ ಹುಡುಗರಿಂದ ಒಂದು ಬೇಡಿಕೆ ಬಂತು: ದಿನದ ಕೊನೆಯ ಪಾರ್ಸೆಲ್ ಅವರವರ ಮನೆಯ ದಿಕ್ಕಿನಲ್ಲಿರಲಿ. ರಂಗಪುರಿಯಲ್ಲಿ ರೂಮು ಮಾಡಿಕೊಂಡವನು ರಾತ್ರಿ ಹನ್ನೊಂದಕ್ಕೆ ರೋಹಿಣಿಯಲ್ಲಿ ಸಿಕ್ಕಿಕೊಂಡಿರಬಾರದು, ಅಷ್ಟೆ. ನಾನು ಮೀಟಿಂಗಿನಲ್ಲಿ, ‘ಇದು ಎನ್‌ಪಿ-ಹಾರ್ಡ್ ಸಮಸ್ಯೆ, ಆಗುವುದಿಲ್ಲ’ ಎಂದೆ. ಎಲ್ಲರೂ ತಲೆಯಾಡಿಸಿದರು.

ದೆಹಲಿಯಲ್ಲೇ ಕಾಂಪ್ಲೆಕ್ಸಿಟಿ ಥಿಯರಿಯಲ್ಲಿ ಪಿಎಚ್.ಡಿ. ಮಾಡುತ್ತಿರುವ ಪುತ್ತೂರಿನ ಗೆಳೆಯನಿಗೆ ಇದನ್ನು ಹೇಳಿದೆ. “ಆಗುದಿಲ್ಲ ಅಂತ ಹೇಳ್ಲಿಕ್ಕೆ ನಮ್ಮಲ್ಲಿ ಒಂದು ಜನ್ಮ ಸಾಕಾಗುದಿಲ್ಲ ಮಾರಾಯ. ನೀನು ಎರಡು ನಿಮಿಷದಲ್ಲಿ ಹೇಳಿ ಬಂದ್ಯಲ್ಲ?” ಎಂದ.

ಅವನ ಮಾತು ಅರ್ಥವಾದದ್ದು ನೀರಜ್ ಕಯಾಲ್ ಅವರ ಸಂಶೋಧನೆಯ ಬಗ್ಗೆ ಓದಿದಾಗ. 2002ರ ಆಗಸ್ಟಿನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಜೊತೆ, ಆಗಷ್ಟೇ ಬಿ.ಟೆಕ್ ಮುಗಿಸಿದ್ದ ಕಯಾಲ್ ಮತ್ತು ನಿತಿನ್ ಸಕ್ಸೇನಾ ಜಗತ್ತೇ ತಿರುಗಿ ನೋಡುವ ಫಲಿತಾಂಶ ಕೊಟ್ಟರು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು, ಅಂಕಿಗಳು ಎಷ್ಟೇ ಹೆಚ್ಚಿದರೂ ಲೆಕ್ಕ ಕೈಮೀರದಂತೆ, ಖಚಿತವಾಗಿ ಹೇಳಬಹುದು ಎಂದು ತೋರಿಸಿದರು. ಅದು ‘ಆಗುತ್ತದೆ’ ಎಂಬ ಮಾತು. ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದ ಕಯಾಲ್ ವರ್ಷಗಟ್ಟಲೆ ಬೆನ್ನುಹತ್ತಿದ್ದು ‘ಆಗುವುದಿಲ್ಲ’ ಎಂಬ ಮಾತನ್ನು. ಆಗುತ್ತದೆ ಎನ್ನಲು ಒಂದು ದಾರಿ ತೋರಿಸಿದರೆ ಸಾಕು. ಆಗುವುದಿಲ್ಲ ಎನ್ನಬೇಕಾದರೆ ಇನ್ನೂ ಯಾರ ತಲೆಗೂ ಹೊಳೆಯದ ದಾರಿಗಳನ್ನೂ ಮುಚ್ಚಬೇಕು.

2013ರಲ್ಲಿ ಕಯಾಲ್ ಮತ್ತು ಸಂಗಡಿಗರು, ನಾಲ್ಕೇ ಹಂತಗಳ, ಅದರಲ್ಲೂ ಕಟ್ಟುಪಾಡುಗಳಿರುವ ಗಣಿತ ಸರ್ಕ್ಯೂಟುಗಳ ಮಟ್ಟಿಗೆ ಒಂದು ‘ಆಗುವುದಿಲ್ಲ’ವನ್ನು ಸಾಧಿಸಿದರು. ಅದೇ ವರ್ಷ ಅದೇ ತಂಡ, ಮೂರು ಹಂತಗಳಲ್ಲಿ ಡಿಟರ್ಮಿನಂಟನ್ನು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕ ಸರ್ಕ್ಯೂಟಿನಿಂದ ಲೆಕ್ಕ ಹಾಕಬಹುದು ಎಂದೂ ತೋರಿಸಿತು. ಅಸಾಧ್ಯವನ್ನು ಹುಡುಕಿ ಹೊರಟವರು ಸಾಧ್ಯವಾದದ್ದು ಎದುರಾದಾಗ ಮುಚ್ಚಿಡಲಿಲ್ಲ. 2021ರಲ್ಲಿ ಕಯಾಲ್ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು.

ಇನ್ನು ನಾನು ಗುರಾಣಿ ಮಾಡಿಕೊಂಡ ಎನ್‌ಪಿ-ಹಾರ್ಡ್. ಎಲ್ಲ ಸಂದರ್ಭಕ್ಕೂ ಅತ್ಯುತ್ತಮ ಉತ್ತರವನ್ನೇ ಬೇಗ ಕೊಡುವ ವಿಧಾನ ಇಂಥ ಸಮಸ್ಯೆಗಳಿಗೆ ಸಿಕ್ಕಿಲ್ಲ. ಸಿಗುವುದೇ ಇಲ್ಲ ಎಂದೂ ಯಾರೂ ಸಾಧಿಸಿಲ್ಲ. 1971ರಲ್ಲಿ ಸ್ಟೀಫನ್ ಕುಕ್ ಮುಂದಿಟ್ಟ ಆ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ. ಅಷ್ಟಕ್ಕೂ ಹುಡುಗರು ಅತ್ಯುತ್ತಮ ದಾರಿ ಕೇಳಿರಲಿಲ್ಲ. ಊಟದ ಹೊತ್ತಿಗೆ ಮನೆ ಸೇರುವ ದಾರಿ ಕೇಳಿದ್ದರು.

ಒಂದು ಶನಿವಾರ ಕೂತು ಬರೆದು ನೋಡಿದೆ. ಎಲ್ಲರಿಗೂ ಅಲ್ಲದಿದ್ದರೂ ಹೆಚ್ಚಿನವರಿಗೆ ಕೊನೆಯ ಪಾರ್ಸೆಲ್ ಮನೆಯ ಕಡೆಗೇ ಬಂತು. ಒಟ್ಟು ಓಡಾಟ ಕೊಂಚ ಹೆಚ್ಚಾಯಿತು. ಅದನ್ನು ಮೀಟಿಂಗಿನಲ್ಲಿಟ್ಟಾಗ ‘ಖರ್ಚು ಹೆಚ್ಚು, ಬೇಡ’ ಎಂಬ ಉತ್ತರ ಬಂತು.

ಹುಡುಗರ ಪಾಲಿಗೆ ಏನೂ ಬದಲಾಗಲಿಲ್ಲ ಎನ್ನಬಹುದು. ಆದರೆ ಒಂದು ಬದಲಾಗಿದೆ. ಮೊದಲು ಅದು ‘ಆಗುವುದಿಲ್ಲ’ ಆಗಿತ್ತು, ಈಗ ‘ಮಾಡುವುದಿಲ್ಲ’ ಆಗಿದೆ. ಗಣಿತದ ಜೊತೆ ಯಾರೂ ಜಗಳವಾಡಲಾರರು; ಮಾಡುವುದಿಲ್ಲ ಎಂದವರನ್ನು ಯಾಕೆ ಎಂದು ಕೇಳಬಹುದು. ಹುಡುಗರಿಗೆ ಲೆಕ್ಕವನ್ನೆಲ್ಲ ತಿಳಿಸಿದ್ದೇನೆ. ಅವರು ಕೇಳುತ್ತಿದ್ದಾರೆ.

ಮೊನ್ನೆ ಊರಿಂದ ಅಮ್ಮ ಫೋನ್ ಮಾಡಿ, “ಗೌರಿ ಹಬ್ಬಕ್ಕೆ ಬರ್ತೀಯೇನಪ್ಪಾ?” ಎಂದಳು. “ಆಗಲ್ಲಮ್ಮ” ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ತಡೆದು, “ನೋಡಿ ಹೇಳ್ತೀನಿ” ಎಂದೆ. ನೋಡಬೇಕು.